ಸಡಾ ಗುಡ್ಡದ ಕಲ್ಲೊಡ್ಡು

ಮೊದಲೇ ಕ್ಷಮೆ ಕೇಳಬೇಕು. ದಾನವ್ವನ ಮನಸ್ಸಿನಲ್ಲಿದ್ದುದನ್ನು ದಾನವ್ವನೇ ಹೇಳಬೇಕಿತ್ತು. ಅವಳು ಹೇಳುವವಳಲ್ಲ, ಅದಕ್ಕೇ ಈ ಧೈರ್ಯ. ತಪ್ಪಿದ್ದರೆ ಓದಿದವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಎಂಬತ್ತೆಂಟರ ಬೇಸಿಗೆ. ಕಡಲ ಪಕ್ಕದ ಸಡಾ ಗುಡ್ಡದ ಇಳಿಜಾರನ್ನು ಕಡಿದು ಅಲ್ಲೊಂದು ದೊಡ್ಡ ಕಟ್ಟಡ ಏಳುತ್ತಿತ್ತು. ಸಿಂದಗಿ ಕಡೆಯ ದಾನವ್ವ ಅಲ್ಲಿ ಮಣ್ಣು ಹೊರುತ್ತಿದ್ದಳು; ಮಲಗುವುದೂ ಅಲ್ಲೇ, ತಗಡಿನ ಶೆಡ್ಡಿನಲ್ಲಿ. ಗಂಡ ಸಂಗಪ್ಪ ಯುಗಾದಿ ಮುಗಿಯುತ್ತಲೇ ಅದಿರಿನ ಲಾರಿಗೆ ಕ್ಲೀನರ್ ಆಗಿ ಹೋಗಿದ್ದ.

"ಈ ಗುಡ್ಡಾ ಬಿಟ್ಟು ಎಲ್ಲೂ ಹೋಗಬ್ಯಾಡ. ನಾ ಇಲ್ಲಿಗೇ ಬರ್ತೀನಿ" ಎಂದಿದ್ದ.

ಇಬ್ಬರಿಗೂ ಓದು ಬರಹ ಇಲ್ಲ. ಅವರ ಪಾಲಿಗೆ ವಿಳಾಸವೆಂದರೆ ಆ ಗುಡ್ಡವೇ. ಏರಿನಲ್ಲಿ ಯಾವ ಲಾರಿ ಗೇರು ಬದಲಿಸಿದರೂ ಅವಳ ಕುತ್ತಿಗೆ ತಾನಾಗಿ ಅತ್ತ ಹೊರಳುತ್ತಿತ್ತು.

ಮೇ ತಿಂಗಳ ಕೊನೆಗೆ ಬಂದ ಮೊದಲ ಮಳೆಗೇ ಅಗೆದ ಕೆಮ್ಮಣ್ಣು ಹರಿದುಹೋಗಿ, ಕೆಳಗಿನ ಮನೆಗಳವರು ಕುಡಿಯುವ ಝರಿಯನ್ನು ಸೇರಿತು. ಜನ ಬಂದು ಗದ್ದಲ ಮಾಡಿದರು. ಇನ್ನೊಮ್ಮೆ ಮಣ್ಣು ಬಂದರೆ ಕೆಲಸ ನಿಲ್ಲಿಸುವುದಾಗಿ ಗುತ್ತಿಗೆದಾರ ಮಾತು ಕೊಡಬೇಕಾಯಿತು. ನಿಂತರೆ ಶೆಡ್ಡು ಕಿತ್ತು, ಕೂಲಿಗಳನ್ನು ದೂರದ ಸಾಂಖಳಿ ಊರಿನ ಕೆಲಸಕ್ಕೆ ಸಾಗಿಸುತ್ತಾರೆ. ಆಮೇಲೆ ಸಂಗಪ್ಪ ಬಂದರೆ ಗುಡ್ಡದಲ್ಲಿ ದಾನವ್ವ ಇರುವುದಿಲ್ಲ.

ಮೇಸ್ತ್ರಿ ಪರಮೇಶಪ್ಪ ಇಳಿಜಾರಿನ ಬುಡದಲ್ಲಿ ಒಡ್ಡು ಹಾಕಿಸಿದ. ಬರೀ ಕಲ್ಲು, ನಡುನಡುವೆ ಒಣಹುಲ್ಲು.

"ಸಂದು ಹಂಗ ಬಿಟ್ರಲ್ರಿ, ಮೇಸ್ತ್ರಿ."

"ಬಿಡಬೇಕವ್ವಾ. ನೀರು ಹೋಗಬೇಕು, ಮಣ್ಣು ನಿಲ್ಲಬೇಕು. ಇಂಜಿನಿಯರ್ ಸಾಹೇಬ್ರು ಹಂಗ ಹೇಳ್ಯಾರ."

"ಊರಾಗ ಇಂಥಾ ವಡ್ಡು ಹಾಕಿದ್ರ ಮಂದಿ ನಗತಾರ್ರಿ."

"ನಮ್ಮೂರ ಮಳಿ ಬೀಗರು ಬಂದಂಗ, ಮಾರಿ ತೋರಿಸಿ ಹೋಗತೈತಿ. ಇಲ್ಲೀದು ಮನಿಅಳಿಯ ಇದ್ದಂಗ. ಕುಂತ್ರ ಏಳೂದಿಲ್ಲ."

ದಾನವ್ವ ನಕ್ಕಳು, ಆದರೆ ಮನಸ್ಸು ಒಪ್ಪಲಿಲ್ಲ. ಅವಳ ಅಪ್ಪ ಹೊಲದ ಒಡ್ಡಿನ ಸಂದುಗಳಿಗೆ ಎರೆಮಣ್ಣು ಮೆತ್ತಿ ಅಂಗೈಯಿಂದ ತಟ್ಟುತ್ತಿದ್ದ. ಮಳೆಯಾದ ಮರುದಿನ ಹೊಲದಲ್ಲಿ ನಿಂತ ನೀರನ್ನು ನೋಡಲು ಮನೆಮಂದಿಯೆಲ್ಲ ಹೋಗುತ್ತಿದ್ದರು. ಮದುವೆಯಾದ ವರ್ಷ ಸಂಗಪ್ಪನೂ ಬಂದಿದ್ದ. ಆ ನೀರಿನಲ್ಲಿ ಕಾಲಿಟ್ಟು ಸುಮ್ಮನೆ ನಿಂತಿದ್ದ.

ಜೂನಿನಲ್ಲಿ ಮಳೆ ಹಿಡಿಯಿತು. ಒಂದು ಸಂಜೆ ದಾನವ್ವ ಗೋಣಿ ಹೊದ್ದು ಒಡ್ಡು ನೋಡಲು ಹೋದಳು. ಸಂದುಸಂದಿನಿಂದ ಕೆಂಪು ನೀರು ಜಿನುಗುತ್ತಿತ್ತು. ಕೆಳಗಿನ ಮನೆಯ ಜೈನಬ ಕೊಡ ಹೊತ್ತು ಅದೇ ದಾರಿಯಲ್ಲಿ ಹೊರಟಿದ್ದಳು.

"ತುಸು ಕೆಂಪಾದ್ರ ಏನಕ್ಕಾ? ಕೊಡದ ಬಾಯಿಗೆ ಅರಬಿ ಕಟ್ಟಿ ಸೋಸತೀವಿ. ನಡಿ ಒಳಗ."

"ನೀ ಸೋಸತಿ. ಎಲ್ಲಾರೂ ಸೋಸತಾರೇನು?"

"ನಿನ್ನ ಗಂಡ ಬಂದ್ರ ನಮ್ಮ ಬಾಗಲ ಮುಂದನ ಹಾಯಬೇಕು. ಹಿಡದು ಕಟ್ಟಿ ಹಾಕತೀನಿ, ಆತಿಲ್ಲ?"

ಜೈನಬ ನಗುತ್ತ ಇಳಿದುಹೋದಳು. ದಾನವ್ವನಿಗೆ ಕಾಲು ಕೀಳಲಾಗಲಿಲ್ಲ. ಕೂತು, ಕೈಗೆ ಸಿಕ್ಕ ಜಿಗುಟು ಮಣ್ಣನ್ನು ಕಲಸಿ ಒಂದು ಸಂದಿಗೆ ಮೆತ್ತಿದಳು. ಜಿನುಗು ನಿಂತಿತು. ಇನ್ನೊಂದಕ್ಕೆ ಮೆತ್ತಿದಳು. ಕತ್ತಲಾಗುವ ಹೊತ್ತಿಗೆ ಒಡ್ಡಿನಿಂದ ಹನಿಯೂ ಹೊರಬರುತ್ತಿರಲಿಲ್ಲ, ಹಿಂದೆ ನೀರು ನಿಂತಿತ್ತು. ಅದನ್ನು ನೋಡುತ್ತ ಅವಳಿಗೆ ಊರು ಹತ್ತಿರ ಬಂದಂತೆ ಅನಿಸಿತು. ಪಕ್ಕದಲ್ಲಿ ಅವನೂ ನಿಂತಿದ್ದಾನೆ ಎನ್ನುವಷ್ಟು ಹತ್ತಿರ.

ಮಳೆ ಬಿಡಲಿಲ್ಲ. ಬೆಳಗಾಗುವಷ್ಟರಲ್ಲಿ ನೀರಿನ ಭಾರಕ್ಕೆ ಒಡ್ಡು ಒಡೆದು, ಕಲ್ಲೂ ಕೆಸರೂ ಒಟ್ಟಿಗೆ ಝರಿಯ ಮೇಲೆ ಬಿದ್ದಿದ್ದವು. ಪರಮೇಶಪ್ಪ ಉಳಿದ ಕಲ್ಲುಗಳನ್ನು ಮುಟ್ಟಿ ನೋಡಿದ.

"ಯಾರು ಮೆತ್ತಿದ್ರು?"

"ನಾನರಿ."

ಅವನು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. "ನಮ್ಮವ್ವ ಆಗಿದ್ರೂ ಹಂಗ ಮಾಡತಿದ್ಲು" ಎಂದು ತಲೆಗೆ ಟವೆಲ್ ಸುತ್ತಿಕೊಂಡು ನಡೆದ.

ಆ ವಾರವೇ ಕೆಲಸ ನಿಂತಿತು. ಟ್ರಕ್ಕಿನಲ್ಲಿ ಗಂಟುಮೂಟೆ ಇಟ್ಟ ಮೇಲೆ ದಾನವ್ವ ಜೈನಬಳ ಬಾಗಿಲಿಗೆ ಹೋದಳು. ಜೈನಬ ಅಂಗಳದ ಕೆಸರು ಬಳಿಯುತ್ತಿದ್ದಳು.

"ಅವ ಬಂದ್ರ ಸಾಂಖಳಿ ಅಂತ ಹೇಳವ್ವಾ. ಮರೀಬ್ಯಾಡ."

"ಸಾಂಖಳಿ," ಎಂದಳು ಜೈನಬ, ತಲೆ ಎತ್ತದೆ.

ದಾನವ್ವ ಸಾಂಖಳಿಯಲ್ಲೂ ಮಣ್ಣು ಹೊತ್ತಳು. ಅಲ್ಲಿ ಹಾಕಿದ ಕಲ್ಲೊಡ್ಡುಗಳನ್ನು ಅವಳು ಮುಟ್ಟಲಿಲ್ಲ ಎಂದು ಪರಮೇಶಪ್ಪ ಹೇಳುತ್ತಿದ್ದ. ಜೈನಬಳ ಮನೆಯವರು ಮುಂದಿನ ವರ್ಷ ಸಡಾ ಬಿಟ್ಟರು. ಅಷ್ಟರೊಳಗೆ ಸಂಗಪ್ಪ ಆ ಗುಡ್ಡಕ್ಕೆ ಬಂದಿದ್ದನೇ, ಬಂದಿದ್ದರೆ ಯಾರನ್ನು ಕೇಳಿದ, ಜೈನಬ ಸಾಂಖಳಿಯ ಹೆಸರು ಹೇಳಿದಳೇ, ಒಂದೂ ಗೊತ್ತಿಲ್ಲ.