ಅರವತ್ತೆರಡು ಕೈಗಳು

ಅಚ್ಚಿನ ಕರಡನ್ನು ಚೂಡಾಮಣಿ ಮೂರು ಸಲ ತಿರುವಿ ನೋಡಿದಳು. ಬೊಂಬಾಯಿಯ ಶಸ್ತ್ರಚಿಕಿತ್ಸಾ ಪತ್ರಿಕೆಯೊಂದರಿಂದ ಬಂದದ್ದು. 'ಕಬ್ಬಿನ ಗಾಣಕ್ಕೆ ಸಿಕ್ಕ ಅರವತ್ತೆರಡು ಕೈಗಳ ಚಿಕಿತ್ಸೆ' ಎಂಬ ತಲೆಬರಹದ ಕೆಳಗೆ ಡಾ. ಕಸ್ತೂರಿರಂಗ, ಡಾ. ತಿರುನಾರಾಯಣ ಎಂದು ಎರಡು ಹೆಸರು. ಅವಳದು ಕೊನೆಯ ಪುಟದಲ್ಲಿತ್ತು: 'ನೆರವಿತ್ತ ಶ್ರೀಮತಿ ಚೂಡಾಮಣಿಯವರಿಗೆ ವಂದನೆಗಳು.' ಡಾಕ್ಟರ್ ಅನ್ನುವುದೂ ಇಲ್ಲ. ಮದುವೆ ಮನೆಯಲ್ಲಿ ಕಾಫಿ ಕೊಟ್ಟವಳಿಗೆ ಹೇಳಿದ ಹಾಗೆ!

ಎಪ್ಪತ್ತನೇ ಇಸವಿಯಿಂದ ಐದು ವರ್ಷ, ಮಂಡ್ಯದ ಆ ಆಸ್ಪತ್ರೆಗೆ ಆಲೆಮನೆಗಳಿಂದ ಬಂದ ಕೈಗಳನ್ನೆಲ್ಲ ಕುಯ್ದು ಹೊಲಿದವಳು ಅವಳು. ಮಣಿಕಟ್ಟಿಗೇ ಕತ್ತರಿಸಿ ಮನೆಗೆ ಕಳಿಸುವುದು ಅಲ್ಲಿಯ ರೂಢಿಯಾಗಿತ್ತು. ಅವಳು ಹೆಬ್ಬೆರಳು, ಇನ್ನೆರಡು ಬೆರಳಾದರೂ ಉಳಿಸುತ್ತಿದ್ದಳು. ಲೇಖನ ಬರೆದವಳೂ ಅವಳೇ. ವಿಭಾಗದ ಮುಖ್ಯಸ್ಥ ಕಸ್ತೂರಿರಂಗರು ಅದರಲ್ಲಿ ತಿದ್ದಿದ್ದು ಒಂದೇ ಒಂದು ಅಲ್ಪವಿರಾಮ. ಅವರ ಸಹಾಯಕ ತಿರುನಾರಾಯಣ ಟೈಪು ಮಾಡಿಸಿದ್ದ, ಅಷ್ಟೆ. ಕರಡು ಹಿಡಿದು ಅವಳು ಕಸ್ತೂರಿರಂಗರ ಕೋಣೆಗೆ ಹೋದಳು.

"ಮೂಳೆ ಆಪರೇಷನ್ ಅಂದ್ರೆ ಗಂಡಸರ ಕೆಲಸ ಅಂತಲೇ ಓದೋರು ತಿಳ್ಕೊಂಡಿರೋದು," ಎಂದರು ಕಸ್ತೂರಿರಂಗ, ಕನ್ನಡಕ ಒರೆಸುತ್ತ. "ಹೆಂಗಸಿನ ಹೆಸರು ಕಂಡ್ರೆ ಪುಟ ಮಗುಚ್ತಾರೆ. ಲೇಖನ ಉಳೀಲಿ ಅಂತ ಹಾಗೆ ಮಾಡ್ದೆ. ಅದಿರ್ಲಿ, ಸಂಪಾದಕರು ಆರು ಜನ ರೋಗಿಗಳ ಈಗಿನ ಸ್ಥಿತಿ ಕೇಳಿದ್ದಾರೆ. ನೀನು ಹಳ್ಳಿಗಳಿಗೆ ಹೋಗಿ ನೋಡ್ಕೊಂಡು ಬಂದ್ಬಿಡಮ್ಮ."

"ಹೆಸರಿರೋರು ಹೋಗಲಿ ಸಾರ್."

ಚೂಡಾಮಣಿ ಕರಡನ್ನು ಅವರ ಮೇಜಿನ ಮೇಲಿಟ್ಟಳು.

ಮಾರನೆಯ ದಿನ ತಿರುನಾರಾಯಣ ಜೀಪು ಹತ್ತಿ ಪೂರಿಗಾಲಿಗೆ ಹೋದ. ಆರು ರೋಗಿಗಳಲ್ಲಿ ಮೊದಲನೆಯವನ ಬಗ್ಗೆ ಆಸ್ಪತ್ರೆಯ ರಿಜಿಸ್ಟರಿನಲ್ಲಿ 'ಮಾದಯ್ಯ, ಪೂರಿಗಾಲಿ' ಎಂದಿಷ್ಟೇ ಇತ್ತು. ಬೆಟ್ಟದ ದೇವರು ಮಾದಪ್ಪನಿಗೆ ಹರಕೆ ಹೊತ್ತು ಹೆತ್ತ ಗಂಡುಮಕ್ಕಳಿಗೆಲ್ಲ ಆ ಸೀಮೆಯಲ್ಲಿ ಅದೇ ಹೆಸರು. ಮಧ್ಯಾಹ್ನ ಒಬ್ಬನನ್ನು ಕರೆತಂದು ಮುಖ್ಯಸ್ಥರ ಮುಂದೆ ನಿಲ್ಲಿಸಿದ. ಬಂದವನು ಹತ್ತೂ ಬೆರಳು ಜೋಡಿಸಿ ಕೈಮುಗಿದ.

"ಮಾದಯ್ಯನಾ ಅಂದ್ರು, ಊಂ ಅಂದೆ. ಜೀಪ್ಗೆ ಅತ್ತಿಸ್ಕಂಡ್ರು. ನನ್ ಕೈಗೇನಾಗದೆ ಸ್ವಾಮಿ?"

ಬಾಗಿಲಲ್ಲಿದ್ದ ನರ್ಸುಗಳು ಕಿಸಕ್ಕೆಂದರು. ಚೂಡಾಮಣಿಗೆ ನಗು ಬರಲಿಲ್ಲ. ಒಂದು ಕೈಯನ್ನೂ ಮುಟ್ಟದವನು ಲೇಖಕ! ಎಂಥ ಅನ್ಯಾಯ!

"ಆಯ್ತಮ್ಮ, ಮೂರನೇ ಹೆಸರು ನಿಂದು ಹಾಕಿಸ್ತೀನಿ," ಎಂದರು ಕಸ್ತೂರಿರಂಗ.

"ಮೊದಲನೇದು ಸಾರ್."

"ಹಠ ಮಾಡಿದ್ರೆ ಇಲ್ಲಿಂದ ವರ್ಗ ಆಗತ್ತೆ, ನೆನಪಿರಲಿ."

ಅವಳು ಹೊರಬಂದಳು.

ಭಾನುವಾರ ಬಸ್ಸು ಹಿಡಿದು ಪೂರಿಗಾಲಿಯಲ್ಲಿಳಿದು, ಯಾರನ್ನೂ ಕೇಳದೆ ತನ್ನ ರೋಗಿ ಮಾದಯ್ಯನ ಮನೆಗೆ ನಡೆದಳು. ಹೊಲಿಗೆ ಬಿಚ್ಚಲು ಹಿಂದೆ ಎರಡು ಸಲ ಬಂದಿದ್ದಳು. ಅವನ ಹೆಂಡತಿ ದೇವಿರಮ್ಮ ಬಾಗಿಲಲ್ಲೇ ಕೂಗಿಕೊಂಡಳು.

"ಬಾ ನನ್ನವ್ವ! ಮೊನ್ನೆ ಯಾವನೋ ಬಂದು ಕೆಳಗಲ್ ಕೇರಿ ಮಾದಯ್ಯನ್ನ ಎಳ್ಕಂಡೋದ್ನಂತೆ. ಕುಯ್ದೋಳ್ನ ಒಂದ್ ಮಾತು ಕೇಳ್ಬಾರ್ದಾಗಿತ್ತಾ ಅವ್ನು?"

ಮಾದಯ್ಯ ಉಣ್ಣುತ್ತಿದ್ದ. ಮೂರೇ ಬೆರಳಲ್ಲಿ ಮುದ್ದೆ ಮುರಿದು, ಸಾರಿಗದ್ದಿ ನುಂಗಿದ. ತಟ್ಟೆ ಬರಿದಾಗುವವರೆಗೂ ಅವಳು ನೋಡುತ್ತ ಕುಳಿತಳು. ಆಮೇಲೆ ಜಗುಲಿಯ ಮೇಲೆಯೇ ಸಂಪಾದಕರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದಳು: 'ಈ ಅರವತ್ತೆರಡು ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದವಳು ನಾನು. ನಂಬದಿದ್ದರೆ ಆ ಕೈಗಳನ್ನೇ ಕೇಳಿ.' ಕೆಳಗೆ ತನ್ನ ಹೆಸರು ಬರೆದು, ಅದನ್ನು ದಂಪತಿಗೆ ಕನ್ನಡದಲ್ಲಿ ಓದಿ ಹೇಳಿದಳು.

"ನಂಗೆ ರುಜು ಬರಾಕಿಲ್ಲ," ಎಂದ ಮಾದಯ್ಯ. "ಎಬ್ಬೆಟ್ ಒತ್ತುದ್ರೆ ಆಯ್ತದಾ?"

"ಆಗತ್ತೆ."

ದೇವಿರಮ್ಮ ಹಂಡೆಯ ತಳದ ಮಸಿಗೆ ಎಣ್ಣೆ ಕಲಸಿ ತಂದಳು. ಅವನು ಹೆಬ್ಬೆರಳನ್ನು ಅದರಲ್ಲಿ ಹೊರಳಿಸಿ, ಅವಳ ಹೆಸರಿನ ಪಕ್ಕದಲ್ಲಿ ಊರಿ ಒತ್ತಿದ. ಚೂಡಾಮಣಿ ಕಾಗದವನ್ನು ಬಿಸಿಲಿಗೆ ಹಿಡಿದಳು. ಕರಿಯ ಗೆರೆಗಳ ನಟ್ಟನಡುವೆ ಅವಳ ಹೊಲಿಗೆಯ ಗುರುತು ಬೆಳ್ಳಗೆ ಮೂಡಿತ್ತು.