ಅರವತ್ತು ಹರ್ಟ್ಸ್

ಪರದೆಗೆ ಅರವತ್ತು ಹರ್ಟ್ಸ್ ಸಾಕು. ನೂರ ಅರವತ್ತೈದು ಇಟ್ಟರೆ ಬ್ಯಾಟರಿ ಎರಡು ಗಂಟೆಯಲ್ಲಿ ಕೈ ಎತ್ತುತ್ತದೆ. ಅರವತ್ತಾದರೆ ನಾಲ್ಕು ಗಂಟೆ ಎಳೆಯುತ್ತದೆ. ಅಕ್ಕನ ಡಯಾಲಿಸಿಸ್‌ಗೆ ಹಿಡಿಯುವುದೂ ನಾಲ್ಕು ಗಂಟೆಯೇ. ಅವನು ಸೆಟ್ಟಿಂಗ್ ಬದಲಿಸಿ, ಚಾರ್ಜರ್ ಕಿತ್ತು, ಲ್ಯಾಪ್‌ಟಾಪನ್ನು ಮಡಚಿ ಚೀಲಕ್ಕೆ ಇಳಿಸಿದ. ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಬೇಕೆನಿಸಿತು.

ಇದು ಅವನ ಕಸುಬು. ಆಟಕ್ಕೆಂದೇ ಮಾಡಿದ ಲ್ಯಾಪ್‌ಟಾಪುಗಳನ್ನು ಪರೀಕ್ಷಿಸುವ ಕಡೆ ಅವನಿಗೆ ಕೆಲಸ. ಪರದೆಯ ಮೇಲಿನ ಚಿತ್ರ ಸೆಕೆಂಡಿಗೆ ಎಷ್ಟು ಸಲ ಹೊಸದಾಗುತ್ತದೆ (ಅದೇ ಹರ್ಟ್ಸ್; ಹೆಚ್ಚಿದಷ್ಟೂ ಚಿತ್ರ ನುಣುಪು), ಅದಕ್ಕೆ ಬ್ಯಾಟರಿ ಎಷ್ಟು ಬೇಗ ಬರಿದಾಗುತ್ತದೆ ಎಂದು ನೋಡುತ್ತ ಕೂರಬೇಕು. ಇಷ್ಟೆಲ್ಲ ಓದಿ ಬ್ಯಾಟರಿ ಸಾಯುವುದನ್ನು ಕಾಯುತ್ತೀಯಲ್ಲಪ್ಪ ಎಂದು ಅಕ್ಕನ ಗಂಡ, ಭಾವ, ಹಿಂದೊಮ್ಮೆ ಕಿಚಾಯಿಸಿದ್ದರು. ಅವನಿಗೆ ಸಿಟ್ಟು ಬಂದಿರಲಿಲ್ಲ. ಏನನ್ನೂ ಕೇಳದ ವಸ್ತುಗಳ ಜೊತೆ ದಿನ ದೂಡುವುದು ಅವನಿಗೆ ಒಗ್ಗಿಹೋಗಿತ್ತು. ಅರವತ್ತೋ ನೂರ ಅರವತ್ತೈದೋ ಎಂದು ಕಣ್ಣಲ್ಲೇ ನೋಡಿ ಹೇಳಿಬಿಡುತ್ತೇನೆ ಎಂದು ಸಹೋದ್ಯೋಗಿಗಳ ಮುಂದೆ ಜಂಬ ಕೊಚ್ಚುವುದೂ ಇತ್ತು.

ಹೋದ ವಾರ ಡಾಕ್ಟರು ಹೇಳಿದ್ದರು: ಅಕ್ಕನಿಗೆ ಹೊಂದುವ ಕಿಡ್ನಿ ಮನೆಯವರಲ್ಲಿ ಅವನೊಬ್ಬನದೇ. ಯೋಚನೆ ಮಾಡಿ ಹೇಳುತ್ತೇನೆ ಎಂದು ಎದ್ದು ಬಂದವನು ಆ ಯೋಚನೆಯನ್ನೂ ಮಾಡಿರಲಿಲ್ಲ. ಭಾವ ಎರಡು ಸಲ ಫೋನ್ ಮಾಡಿ, ಸೆಖೆಯ ಬಗ್ಗೆ ಮಾತಾಡಿ, ಗಂಟಲು ಸರಿಮಾಡಿಕೊಂಡು, ಇಟ್ಟುಬಿಟ್ಟಿದ್ದರು. ಅಕ್ಕ ಮಾತ್ರ ಒಂದು ಸಂದೇಶ ಕಳಿಸಿದ್ದಳು. ಸುಮ್ಮನೆ ಬಾ, ಒಬ್ಬಳೇ ಕೂತು ಬೇಜಾರು ಎಂದು.

ಬರಿಗೈಯಲ್ಲಿ ಹೋದರೆ ಮಾತು ಸುತ್ತಿ ಬಳಸಿ ಅಲ್ಲಿಗೇ ಬಂದು ನಿಲ್ಲುತ್ತದೆ. ಆಟವಿದ್ದರೆ ಇಬ್ಬರ ಕಣ್ಣೂ ಪರದೆಯ ಮೇಲಿರುತ್ತದೆ. ಹಾಗೆಂದೇ ಚಿಕ್ಕಂದಿನಲ್ಲಿ ಇಬ್ಬರೂ ಆಡುತ್ತಿದ್ದ ಆಟವನ್ನು ಎಲ್ಲೆಲ್ಲೋ ಹುಡುಕಿ ತುಂಬಿಸಿಕೊಂಡಿದ್ದ. ಪರೀಕ್ಷೆಗೆ ಬಂದ ಯಂತ್ರವನ್ನು ಒಂದು ದಿನದ ಮಟ್ಟಿಗೆ ಕೇಳಿ ತಂದಿದ್ದ. ಇಷ್ಟು ಶ್ರಮಪಟ್ಟು ಅವನು ಈಚೆಗೆ ಬೇರೇನನ್ನೂ ಮಾಡಿರಲಿಲ್ಲ.

ಆಸ್ಪತ್ರೆಯ ಡಯಾಲಿಸಿಸ್ ಕೋಣೆ ಬೆಳ್ಳಗೆ, ತಣ್ಣಗೆ ಇತ್ತು. ಸಾಲಾಗಿ ಒರಗುಕುರ್ಚಿಗಳು, ಪ್ರತಿ ಕುರ್ಚಿಯ ಪಕ್ಕ ಒಂದು ಯಂತ್ರ, ಯಂತ್ರದ ಎದೆಯ ಮೇಲೆ ನಿಧಾನವಾಗಿ ತಿರುಗುವ ಪುಟ್ಟ ಚಕ್ರ. ಅಕ್ಕ ಕಿಟಕಿಯ ಪಕ್ಕದಲ್ಲಿದ್ದಳು. ಸೂಜಿ ಚುಚ್ಚಿದ ಎಡಗೈ ದಿಂಬಿನ ಮೇಲಿತ್ತು. ಅದನ್ನು ಅಲ್ಲಾಡಿಸುವಂತಿರಲಿಲ್ಲ.

"ಬಂದ್ಯಾ."

"ಹೂಂ."

"ತಿಂಡಿ ಆಯ್ತಾ?"

"ಆಯ್ತು."

ಆಗಿರಲಿಲ್ಲ. ಅವನ ಕಣ್ಣು ಗೋಡೆಯ ಪ್ಲಗ್ಗಿನ ಕಡೆ ಹೋದದ್ದನ್ನು ನೋಡಿ ನರ್ಸು, ಅದು ಯಂತ್ರಕ್ಕೆ ಮಾತ್ರ, ಬೇರೇನೂ ಹಾಕಬೇಡಿ ಎಂದಳು. ಬೇಕಾಗಿಲ್ಲ ಎಂದು ಅವನು ಹೆಮ್ಮೆಯಿಂದಲೇ ಹೇಳಿದ.

ಊಟದ ಮೇಜನ್ನು ಕುರ್ಚಿಗೆ ಅಡ್ಡಲಾಗಿ ಎಳೆದು, ಲ್ಯಾಪ್‌ಟಾಪನ್ನು ಅಕ್ಕನ ಕಡೆ ತಿರುಗಿಸಿ ಇಟ್ಟ. ಆಟದ ಮೊದಲ ಚಿತ್ರ ಮೂಡಿತು. ಹಿಮದ ಬೆಟ್ಟ, ಸೊಂಟಕ್ಕೆ ಒಂದೇ ಹಗ್ಗ ಬಿಗಿದುಕೊಂಡ ಇಬ್ಬರು ದಾರಿಹೋಕರು. ಅಕ್ಕ ಬಾಯಿಯ ಮೇಲೆ ಬಲಗೈ ಇಟ್ಟುಕೊಂಡಳು. ಬಹಳ ದಿನದ ಮೇಲೆ ಅವಳ ಮುಖದಲ್ಲಿ ಹಳೆಯ ಅಕ್ಕ ಕಂಡಳು.

ಆಗ ಇದ್ದದ್ದು ದಪ್ಪ ಹೊಟ್ಟೆಯ ಮಾನಿಟರು. ಬಿಸಿಯಾದರೆ ಧೂಳಿನ ವಾಸನೆ ಬರುತ್ತಿತ್ತು. ಮನೆಯಲ್ಲಿ ಅದರ ಮುಂದೆ ಇದ್ದದ್ದು ಒಂದೇ ಕುರ್ಚಿ. ಅರ್ಧ ಅವಳದು, ಅರ್ಧ ಅವನದು. ಕೀಲಿಮಣೆಯ ಎಡಭಾಗ ಅಕ್ಕನಿಗೆ, ಬಲಗಡೆಯ ಬಾಣದ ಗುಂಡಿಗಳು ಅವನಿಗೆ. ಅವನು ಮುಂದೆ ಓಡಿ ಕಂದಕಕ್ಕೆ ಬೀಳುತ್ತಿದ್ದ, ನೇತಾಡುತ್ತಿದ್ದ. ಅವಳು ತಲೆಗೊಂದು ಮೊಟಕಿ ಮೇಲಕ್ಕೆ ಎಳೆದುಕೊಳ್ಳುತ್ತಿದ್ದಳು. ಒಂದು ಬೇಸಗೆ ರಜೆಯೆಲ್ಲ ಹೀಗೇ ಕಳೆದಿತ್ತು. ಅವನ ಬದುಕಿನಲ್ಲಿ ಅಷ್ಟು ನಿಶ್ಚಿಂತೆಯಿಂದ ಬಿದ್ದ ಕಾಲ ಮತ್ತೆ ಬರಲಿಲ್ಲ.

ಈಗ ಎಡಗೈ ಆಡುವಂತಿಲ್ಲವಾದ್ದರಿಂದ ಬಾಣದ ಗುಂಡಿಗಳು ಅಕ್ಕನ ಪಾಲಾದವು. ಎಡಭಾಗ ಅವನಿಗೆ ಬಂತು. ಎಳೆಯುವವನ ಜಾಗ.

"ಎಷ್ಟು ನುಣುಪಾಗಿ ಓಡ್ತಿದೆ ಕಣೋ," ಎಂದಳು ಅಕ್ಕ. "ಆಗ ಕುಂಟ್ಕೊಂಡು ಓಡ್ತಿತ್ತು."

ಇದು ಬರೀ ಅರವತ್ತು, ಪಾಪ ಎಂದು ಅವನು ಮನಸ್ಸಿನಲ್ಲೇ ನಕ್ಕ. ಹಳೆಯದನ್ನು ನೆನೆದರೆ ಈಗಿನದೆಲ್ಲ ನುಣುಪೇ. ಪರಿಣತನಿಗೆ ಸಹಜವಾದ ಉದಾರತೆಯಿಂದ ಅವಳನ್ನು ತಿದ್ದಲಿಲ್ಲ.

ಬೆಟ್ಟ ಏರಿದರು. ಬಿದ್ದರು. ಅಕ್ಕ ಎರಡು ಸಲ ಜೋರಾಗಿ ನಕ್ಕು ಪಕ್ಕದ ಕುರ್ಚಿಯ ಮುದುಕರನ್ನು ಎಬ್ಬಿಸಿದಳು. ಅವನಿಗೆ ನಿಜವಾಗಿಯೂ ಸಂತೋಷವಾಗುತ್ತಿತ್ತು. ಜೊತೆಗೆ, ಹೊತ್ತು ಸರಿಯುತ್ತಿದೆ ಎಂಬ ಇನ್ನೊಂದು ಸಂತೋಷವೂ ಇತ್ತು. ಎರಡನ್ನೂ ಬೇರೆ ಮಾಡಲು ಅವನು ಹೋಗಲಿಲ್ಲ.

"ಡಾಕ್ಟರು ನಿಂಗೆ..."

"ಅಕ್ಕಾ, ಮುಂದೆ ಕಂದಕ ಇದೆ, ನೋಡು."

ಅವಳು ಹಾರಿದಳು. ಇಬ್ಬರೂ ಇನ್ನಷ್ಟು ದೂರ ಏರಿದರು.

"ನಾನೇನೂ ಕೇಳ್ತಿಲ್ಲ ಕಣೋ."

"ಗೊತ್ತು."

"ಬೇಡ ಅನ್ನೋದಾದ್ರೂ ಬಾಯಿ ಬಿಟ್ಟು ಹೇಳು. ಹೀಗೆ ಕಾಯೋದು ಕಷ್ಟ."

"ಹಗ್ಗ ಬಿಗೀತಿದೆ. ಸ್ವಲ್ಪ ಹಿಂದೆ ಬಾ."

ಅಕ್ಕ ಹಿಂದೆ ಬಂದಳು. ಮುಂದೆ ಮರದ ಸೇತುವೆಯೊಂದು ಕಂಡಿತು. ಒಬ್ಬರಾದ ಮೇಲೆ ಒಬ್ಬರು ದಾಟಬೇಕು. ಅವಳು ಸೇತುವೆಯ ಮೇಲೆ ಕಾಲಿಟ್ಟಿದ್ದಳು, ಅಷ್ಟರಲ್ಲಿ ಪರದೆ ಕಪ್ಪಾಯಿತು.

ಅವನು ಗುಂಡಿ ಒತ್ತಿದ. ಕೆಂಪು ಬ್ಯಾಟರಿಯ ಗುರುತು ಒಮ್ಮೆ ಮಿನುಗಿ ಆರಿತು. ಮತ್ತೆ ಒತ್ತಿದ. ಅದೂ ಬರಲಿಲ್ಲ. ಗೋಡೆಯ ಗಡಿಯಾರ ನೋಡಿದ. ಅಕ್ಕನಿಗೆ ಇನ್ನೂ ಎರಡು ಗಂಟೆ ಉಳಿದಿತ್ತು.

ಆಗ ಅವನಿಗೆ ಹೊಳೆಯಿತು. ಚಾರ್ಜರ್ ಕಿತ್ತ ಕೂಡಲೇ ಇಂಥ ಯಂತ್ರಗಳು ಬ್ಯಾಟರಿ ಉಳಿಸಲು ತಾವಾಗಿಯೇ ಅರವತ್ತಕ್ಕೆ ಇಳಿದುಬಿಡುತ್ತವೆ. ಪರೀಕ್ಷೆಯಲ್ಲಿ ಹಾಗಾದರೆ ಲೆಕ್ಕ ಕೆಡುತ್ತದೆ. ಅದಕ್ಕೇ ಅಲ್ಲಿನ ಎಲ್ಲ ಯಂತ್ರಗಳಿಗೂ ಅವನೇ ಒಂದು ಕಟ್ಟಳೆ ಹಾಕಿಟ್ಟಿದ್ದ: ಚಾರ್ಜರ್ ಕಿತ್ತರೆ ನೂರ ಅರವತ್ತೈದಕ್ಕೇ ಏರಬೇಕು. ಬೆಳಿಗ್ಗೆ ಅರವತ್ತು ಎಂದು ಬದಲಿಸಿದಾಗ ಚಾರ್ಜರ್ ಸಿಕ್ಕಿಸಿಯೇ ಇತ್ತು. ಆಮೇಲೆ ಕಿತ್ತ. ಯಂತ್ರ ಅವನ ಮಾತನ್ನು ಚಾಚೂ ತಪ್ಪದೆ ಪಾಲಿಸಿತ್ತು.

ಅದಕ್ಕಿಂತ ಹೆಚ್ಚಾಗಿ, ಎರಡು ಗಂಟೆ ಕಣ್ಣೆದುರಿಗೇ ಓಡಿದರೂ ಅವನಿಗೆ ಆ ನುಣುಪು ಕಂಡಿರಲಿಲ್ಲ. ಕಂಡದ್ದು ಅಕ್ಕನಿಗೆ. ಅವನು ನೋಡಿದ್ದು ಪರದೆಯನ್ನಲ್ಲ, ತಾನು ಬೆಳಿಗ್ಗೆ ಇಟ್ಟ ಸಂಖ್ಯೆಯನ್ನು.

"ಹೋಯ್ತಾ?"

"ಹೋಯ್ತು."

ಮಾತನ್ನು ತಪ್ಪಿಸಲು ಈಗ ಕೈಯಲ್ಲಿ ಏನೂ ಇರಲಿಲ್ಲ. ಕಿಟಕಿಯಾಚೆ ಯಾರೋ ವಾಹನವನ್ನು ಹಿಂದಕ್ಕೆ ತೆಗೆಯುತ್ತಿದ್ದರು. ಅವನು ಬಹಳ ಆಸಕ್ತಿಯಿಂದ ಅದನ್ನೇ ನೋಡಿದ. ಅಕ್ಕ ಕೇಳುತ್ತಾಳೆ, ಈಗ ಕೇಳುತ್ತಾಳೆ ಎಂದು ಕಾದ.

ಅಕ್ಕ ಕೇಳಲಿಲ್ಲ. ತಲೆಯನ್ನು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದಳು. "ಕರೆಂಟು ಹೋದಾಗ ಬಾಯಲ್ಲೇ ಆಡ್ತಿದ್ವಲ್ಲ," ಎಂದಳು, "ನೆನಪಿದ್ಯಾ?"

ನೆನಪಿತ್ತು. ಕತ್ತಲಲ್ಲಿ, ಅದೇ ಅರ್ಧರ್ಧ ಕುರ್ಚಿಯಲ್ಲಿ ಕೂತು, ತಾನೆಲ್ಲಿದ್ದೇನೆ ಎಂದು ಒಬ್ಬರು ಹೇಳಬೇಕು, ಆಮೇಲೆ ಇನ್ನೊಬ್ಬರು. ಹೇಳದೆ ಯಾರೂ ಹೆಜ್ಜೆ ಇಡುವಂತಿಲ್ಲ. ಆ ಆಟದಲ್ಲಿ ಅಕ್ಕ ಯಾರನ್ನೂ ಬೀಳಲು ಬಿಡುತ್ತಿರಲಿಲ್ಲ. ಕರೆಂಟು ಬಂದರೆ ಇಬ್ಬರಿಗೂ ಬೇಸರವಾಗುತ್ತಿತ್ತು.

"ನಾನು ಸೇತುವೆ ದಾಟ್ದೆ," ಎಂದಳು ಅಕ್ಕ ಕಣ್ಣು ತೆರೆಯದೆ. "ಈ ಕಡೆ ನಿಂತಿದ್ದೀನಿ. ಹಗ್ಗ ಗಟ್ಟಿಯಾಗಿ ಹಿಡ್ಕೊಂಡಿದ್ದೀನಿ. ನೀನೆಲ್ಲಿದ್ದೀಯೋ?"

ಅವನು ಲ್ಯಾಪ್‌ಟಾಪಿನ ಕಡೆ ತಿರುಗಿದ. ಆರಿದ ಪರದೆಯ ಕಪ್ಪು ಗಾಜಿನಲ್ಲಿ ಅಕ್ಕನ ಮುಖವಿತ್ತು, ಕೊಳವೆಗಳಿದ್ದವು, ತಿರುಗುವ ಚಕ್ರವಿತ್ತು. ಅವನಿರಲಿಲ್ಲ. ಸ್ವಲ್ಪ ಎಡಕ್ಕೆ ಬಾಗಿದ; ಚಾವಣಿಯ ದೀಪ ಬಂತು. ಬಲಕ್ಕೆ ಬಾಗಿದ, ಕಿಟಕಿ ಬಂತು, ಕಿಟಕಿಯಲ್ಲಿ ಬಿಳಿಯ ಆಕಾಶ.

"ಹೇಳೋ," ಎಂದಳು ಅಕ್ಕ.

ಅವನು ಇನ್ನೂ ಒಂದಿಷ್ಟು ಬಾಗಿ ಗಾಜಿನಲ್ಲಿ ತನ್ನನ್ನು ಹುಡುಕುತ್ತಲೇ ಇದ್ದ.