ಎಕ್ಸಿಲ್ಡಾ ಚಿಕ್ಕಮ್ಮನ ಒಲೆ

ಚರ್ಚಿನ ನೆಲಮಾಳಿಗೆಯಲ್ಲಿ ಬೀನ್ಸ್ ಊಟಕ್ಕೆ ಸೇರಿದ್ದ ಎಲ್ಲರೆದುರು ನಾನು ಎಕ್ಸಿಲ್ಡಾ ಚಿಕ್ಕಮ್ಮನಿಗೆ ಮಾತು ಕೊಟ್ಟಿದ್ದೆ: "ನಿನ್ನ ಒಲೆ ಯಾರೂ ಮುಟ್ಟಲ್ಲ." ಮಗಳು ಆಗ ನನ್ನ ಮಡಿಲಲ್ಲಿದ್ದಳು. ಈಗ ಹೈಸ್ಕೂಲು.

ಮನೆಯ ಸಂದುಗೊಂದುಗಳನ್ನು ಮುಚ್ಚಿ ಚಳಿ ತಡೆಯುವ ಸರ್ಕಾರಿ ಯೋಜನೆಗೆ ಜನರನ್ನು ಒಪ್ಪಿಸುವುದು ಆಗ ನನ್ನ ಕೆಲಸ. ಮೇನ್ ರಾಜ್ಯದ ಈ ನದಿದಂಡೆಯವರಿಗೆ ಪುಕ್ಕಟೆಯೆಂದರೆ ಅವಮಾನ. ಆ ಮಾತು ನಂಬಿ ಚಿಕ್ಕಮ್ಮ ಒಪ್ಪಿದಳು. ಅವಳನ್ನು ನೋಡಿ ಬೀದಿ ಒಪ್ಪಿತು. ತನ್ನ ಸರದಿಯನ್ನು ಮಾತ್ರ ಪ್ರತಿವರ್ಷ ಬಿಟ್ಟುಕೊಟ್ಟಳು. "ಕೂಸಿರೋ ಮನೆಗೆ ಮೊದಲು ಹೋಗು."

ಈ ಅಕ್ಟೋಬರಿನಲ್ಲಿ ಕೊನೆಗೂ ಅವಳ ಮನೆ. ಈಗ ಹೊಸಬರಿಗೆ ಕೆಲಸ ಕಲಿಸುವವಳೂ ನಾನೇ. ಆಲೂಗಡ್ಡೆ ಗೋದಾಮಿನ ಕೆಲಸ ಬಿಟ್ಟುಬಂದ ಹೊಸಬ ಡರೆಲ್ ಜೊತೆಗಿದ್ದ. ಸೋರಿಕೆ ಹುಡುಕಲು ಮುಂಬಾಗಿಲಿಗೆ ದೊಡ್ಡ ಫ್ಯಾನು ಕೂರಿಸಿದೆವು.

"ಏನೋ ಇದು, ನನ್ನ ಬಾಗಿಲಿಗೆ ವಿಮಾನ ಕಟ್ಟಿದ್ದೀಯ?" ಚಿಕ್ಕಮ್ಮ ಡರೆಲ್‌ನನ್ನು ಕೇಳಿದಳು.

"ಹಾರಲ್ಲ ಅಜ್ಜಿ. ಮನೆ ಎಲ್ಲೆಲ್ಲಿ ಉಸಿರು ಬಿಡ್ತದೆ ಅಂತ ತೋರಿಸ್ತದೆ."

"ಮನೆ ಉಸಿರಾಡ್ಲೇಬೇಕು ಅಂತಿದ್ದ ನಮ್ಮಪ್ಪ."

"ಒಳಗಿರೋರು ಉಸಿರಾಡಿದ್ರೆ ಸಾಕು ಚಿಕ್ಕಮ್ಮ," ಎಂದೆ.

ಅಟ್ಟಕ್ಕೆ ಚಳಿ ತಡೆಯಲು ಕಾಗದ ಅರೆದು ಮಾಡಿದ ಹತ್ತಿ ತುಂಬಿ, ಬುನಾದಿಯ ಸಂದು ಮುಚ್ಚಿ, ಫ್ಯಾನು ಕಳಚಿ ಕೊನೆಯ ಪರೀಕ್ಷೆಗೆ ನಿಂತೆವು. ಒಲೆಯಲ್ಲಿ ಸಣ್ಣ ಬೆಂಕಿ ಹಾಕಿ, ಕಿಟಕಿ ಬಾಗಿಲು ಮುಚ್ಚಿ, ಅಡುಗೆಮನೆ, ಬಚ್ಚಲುಮನೆಗಳ ಗಾಳಿ ಹೊರಹಾಕುವ ಫ್ಯಾನು ಓಡಿಸಿದೆವು. ಹೊಗೆ ಚಿಮಣಿಗೆ ಏರಬೇಕಿತ್ತು. ನನ್ನ ಮುಖಕ್ಕೆ ಬಂತು. ಕೈಯಲ್ಲಿದ್ದ ವಿಷಗಾಳಿ ಮಾಪಕ ಕಿರುಚಿತು. ಬಾಗಿಲು ತೆರೆದು ಬೆಂಕಿ ಆರಿಸಿದೆ.

ಮರುದಿನ ಚಿಮಣಿ ಗುಡಿಸಿದೆವು. ಒಲೆಗೆಂದೇ ಹೊರಗಿನಿಂದ ಗಾಳಿಯ ಕೊಳವೆ ಎಳೆದೆವು. ಬೆಂಕಿ ಹಾಕಿ ನೋಡಿದರೆ ಮತ್ತೆ ಹೊಗೆ. ಡರೆಲ್ ಒಲೆಯ ಬೆನ್ನಿಗೆ ಟಾರ್ಚ್ ಹಿಡಿದ. ಎರಕದ ಕಬ್ಬಿಣ ಮೇಲಿಂದ ಕೆಳಗೆ ಬಿರಿದಿತ್ತು. ಇಷ್ಟು ದಿನ ಸಂದಿನ ಗಾಳಿಯೇ ಬಿರುಕಿನ ಹೊಗೆ ಚದುರಿಸಿ ಚಿಕ್ಕಮ್ಮನನ್ನು ಕಾಪಾಡಿತ್ತು. ಆ ಸಂದುಗಳನ್ನು ನಾವು ಮುಚ್ಚಿದ್ದೆವು.

ಅವನು ತಗ್ಗಿದ ದನಿಯಲ್ಲಿ ಹೇಳಿದ, "ಅಕ್ಕ, ಬುನಾದಿ ಹತ್ರ ಎರಡು ಕಡೆ ಬಿಚ್ಚಿಬಿಡೋಣ. ಮೊದಲಿನ ಹಾಗೇ ಆಗ್ತದೆ. ನಿನ್ನ ಮಾತೂ ಉಳೀತದೆ. ಇಲ್ದಿದ್ರೆ ಈ ಬೀದೀಲಿ ಇನ್ಯಾರು ಬಾಗಿಲು ತೆಗೀತಾರೆ?"

"ನಿನ್ನ ಅಜ್ಜಿ ಮನೆಯಾಗಿದ್ರೆ ಬಿಚ್ತಿದ್ಯಾ?"

ಅವನು ಟಾರ್ಚ್ ಆರಿಸಿದ.

ಚಿಕ್ಕಮ್ಮ ಪ್ಲೋಯ್‌ಗೆ, ಒಲೆಯ ಮೈಮೇಲೇ ಹುಯ್ಯುವ ಇಲ್ಲಿನ ದೋಸೆಗೆ, ಹಿಟ್ಟು ಕಲಸಿಟ್ಟು ಕೂತಿದ್ದಳು. ಒಲೆ ಬಿರಿದಿದೆ, ತೆಗೆಯಲೇಬೇಕು ಎಂದು ಹೇಳಿದೆ.

"ನೀನು ಎಲ್ಲರೆದುರು ಮಾತು ಕೊಟ್ಟಿದ್ದೆ, ಕ್ಲೊಡೆಟ್."

"ಕೊಟ್ಟಿದ್ದೆ."

"ಈಗ ಈ ಹಿಟ್ಟನ್ನ ಎಲ್ಲಿ ಹುಯ್ಯಲಿ, ನಿನ್ನ ತಲೆ ಮೇಲಾ?"

"ಹೊಸ ಒಲೆ ಕೊಡ್ತಾರೆ. ಸೌದೇದೇ."

"ಮೇಲೆ ಚಪ್ಪಟೆ ಜಾಗ ಎಷ್ಟಿರ್ತದೆ?"

"ಎರಡು ಅಂಗೈಯಷ್ಟು."

"ಗೊಂಬೆಗಳಿಗೆ ದೋಸೆ ಹುಯ್ದು ಹಾಕ್ತೀನಿ ಬಿಡು. ಕ್ಲೊಡೆಟ್ ಮಾತಿಗೆ ಕಾಸಿನ ಬೆಲೆಯಿಲ್ಲ ಅಂತ ಬೀದಿಗೆಲ್ಲ ಹೇಳ್ತೀನಿ."

"ಹೇಳು ಚಿಕ್ಕಮ್ಮ. ಹೇಳೋಕೆ ನೀನಿರ್ಬೇಕು."

ಅವಳು ನನ್ನನ್ನೇ ನೋಡಿದಳು. ಎದ್ದು ಹಿಟ್ಟಿನ ಬೋಗುಣಿಗೆ ತಟ್ಟೆ ಮುಚ್ಚಿದಳು. "ಹಾಗಾದ್ರೆ ಇವತ್ತೇ ಹೊತ್ಕೊಂಡು ಹೋಗಿ. ನಾಳೆ ಬಿಡಲ್ಲ."

ನೆರೆಯವರನ್ನೂ ಕರೆದು ಹಲಗೆಯ ಮೇಲೆ ಜಾರಿಸಿ ಒಲೆಯನ್ನು ಹೊರಗೆ ಸಾಗಿಸಿದೆವು. ಹೊಸದು ಬರುವವರೆಗೆ ಚಿಕ್ಕಮ್ಮ ನಮ್ಮ ಮನೆಯಲ್ಲಿ ಮಲಗಿದಳು. ಮಗಳೊಡನೆ ನಕ್ಕಳು, ನನ್ನೊಡನೆ ಮಾತಾಡಲಿಲ್ಲ. ಹೊಸ ಒಲೆ ಕೂರಿಸಿ ಮತ್ತೆ ಪರೀಕ್ಷೆ ಮಾಡಿದಾಗ ಹೊಗೆ ನೆಟ್ಟಗೆ ಚಿಮಣಿಗೆ ಹೋಯಿತು.

ಭಾನುವಾರ ಚರ್ಚಿನ ಅಂಗಳದಲ್ಲಿ ಅವಳು ಎಲ್ಲರಿಗೂ ಹೇಳಿದಳು. ಎರಡು ಮನೆಯವರು ಯೋಜನೆಯಿಂದ ಹೆಸರು ವಾಪಸ್ ತೆಗೆದುಕೊಂಡರು. ಸೋಮವಾರ ನಾನು ಡರೆಲ್‌ನನ್ನೂ ಕರೆದುಕೊಂಡು ಅವರ ಬಾಗಿಲು ತಟ್ಟಿದೆ. ಅವರು ಕೇಳುವ ಮೊದಲೇ ನಡೆದದ್ದನ್ನು ಹೇಳಿದೆ: ಒಲೆ ಮುಟ್ಟುವುದಿಲ್ಲವೆಂದು ಮಾತು ಕೊಟ್ಟಿದ್ದೆ, ಅದನ್ನು ಮುರಿದೆ.